ವರ್ತಕನ ಮನಸ್ಸಿಗೂ ಒಬ್ಬ ಸಲಹೆಗಾರ ಬೇಕು

ನಮ್ಮ ಸಂಸ್ಥೆಯ ಸಭೆಗಳಲ್ಲಿಯೂ ಈ ಪತ್ರಿಕೆಯ ಪುಟಗಳಲ್ಲಿಯೂ ತೆರಿಗೆ, ವಿದ್ಯುತ್ ದರ, ಬ್ಯಾಂಕ್ ಬಡ್ಡಿ, ಕಾರ್ಮಿಕ ಕಾಯಿದೆ, ಬಾಕಿ ವಸೂಲಿ ಮುಂತಾದ ವಿಷಯಗಳು ಮೇಲಿಂದ ಮೇಲೆ ಚರ್ಚೆಗೆ ಬರುತ್ತವೆ. ಬರಬೇಕಾದುದು ಸಹಜವೇ. ಆದರೆ ಈ ಎಲ್ಲ ಭಾರವನ್ನೂ ಹೊತ್ತು ನಡೆಯುವ ಉದ್ಯಮಿಯ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಕಾರ್ಯಸೂಚಿಯಲ್ಲಿ ಸೇರಿಸಿದ ನೆನಪು ನನಗಿಲ್ಲ. ಯಂತ್ರಕ್ಕೆ ವಿಮೆ ಮಾಡಿಸುತ್ತೇವೆ, ಲೆಕ್ಕಪತ್ರಕ್ಕೆ ಲೆಕ್ಕಪರಿಶೋಧಕರನ್ನು ನೇಮಿಸುತ್ತೇವೆ, ವ್ಯಾಜ್ಯ ಬಂದರೆ ವಕೀಲರ ಮನೆಗೆ ಹೋಗುತ್ತೇವೆ. ಮನಸ್ಸು ಕೆಟ್ಟರೆ ಮಾತ್ರ ‘ತಾನಾಗಿಯೇ ಸರಿಹೋಗುತ್ತದೆ’ ಎಂದು ಸುಮ್ಮನಿರುತ್ತೇವೆ.

ಸುಮ್ಮನಿದ್ದುದರ ಪರಿಣಾಮವನ್ನು ಅಂಕಿಅಂಶಗಳು ತೋರಿಸುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2020ನೆಯ ಇಸವಿಯಲ್ಲಿ ದೇಶದಾದ್ಯಂತ ಆತ್ಮಹತ್ಯೆಯಿಂದ ತೀರಿಕೊಂಡ ವ್ಯಾಪಾರಿಗಳು, ಮಾರಾಟಗಾರರು ಹಾಗೂ ಇತರ ಉದ್ದಿಮೆದಾರರ ಸಂಖ್ಯೆ 11,716. ಹಿಂದಿನ ವರ್ಷ ಅದು 9,052 ಆಗಿತ್ತು. ಅದೇ 2020ರಲ್ಲಿ ಕೃಷಿ ವಲಯದಲ್ಲಿ ಹೀಗೆ ಮೃತಪಟ್ಟವರು 10,677. ರೈತರ ಸಂಕಟದ ಬಗೆಗೆ ನಾಡು ಮಾತನಾಡುತ್ತದೆ, ಮಾತನಾಡಲೇಬೇಕು. ವರ್ತಕರ ಸಂಕಟ ಯಾರ ಕಿವಿಗೂ ಬೀಳಲಿಲ್ಲ. ವ್ಯಾಪಾರಿ ವರ್ಗದ ಆ ಸಾವುಗಳಲ್ಲಿ ಅತಿ ಹೆಚ್ಚು, ಅಂದರೆ 1,772, ನಮ್ಮ ಕರ್ನಾಟಕದಲ್ಲಿಯೇ ಸಂಭವಿಸಿದ್ದವು. ಅದು ಕೊರೊನಾ ಲಾಕ್‌ಡೌನಿನ ವರ್ಷವೆಂಬುದು ನಿಜ. ಪ್ರತಿಯೊಂದು ಸಾವಿನ ಹಿಂದೆಯೂ ಹಲವು ಕಾರಣಗಳಿರುತ್ತವೆ ಎಂಬುದೂ ನಿಜ. ಆದರೂ ಈ ಸಂಖ್ಯೆಯನ್ನು ಓದಿದ ಮೇಲೆ ‘ಇದು ನಮ್ಮ ಸಂಸ್ಥೆಯ ವಿಷಯವಲ್ಲ’ ಎಂದು ಹೇಳುವುದು ಸಾಧ್ಯವಿಲ್ಲ.

ಮನೋಚಿಕಿತ್ಸೆ, ಅಂದರೆ ತರಬೇತಿ ಪಡೆದ ತಜ್ಞರೊಡನೆ ನಿಗದಿತ ಕಾಲದಲ್ಲಿ ಕುಳಿತು ಮಾತಿನ ಮೂಲಕ ನಡೆಸುವ ಚಿಕಿತ್ಸೆ, ಉದ್ಯಮಿಗಳಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ನಾನು ತಜ್ಞನಲ್ಲ, ಆ ಬಾಗಿಲನ್ನು ತಡವಾಗಿ ತಟ್ಟಿದ ಒಬ್ಬ ಸಣ್ಣ ಕೈಗಾರಿಕೋದ್ಯಮಿ.

ಪತ್ತಿನ ಭಯ

ನಮ್ಮ ಭಾಷೆಯಲ್ಲಿ ‘ಪತ್ತು’ ಎಂಬ ಮಾತಿಗೆ ಸಾಲ ಎಂಬ ಅರ್ಥವೂ ಇದೆ, ನಂಬಿಕೆ ಎಂಬ ಅರ್ಥವೂ ಇದೆ. ಪೇಟೆಯಲ್ಲಿ ಸರಕು ಉದ್ದರಿಯಾಗಿ ದೊರೆಯುವುದು ಪತ್ತಿನ ಮೇಲೆ. ಬ್ಯಾಂಕಿನವರು ಸಾಲದ ಮಿತಿಯನ್ನು ಏರಿಸುವುದೂ ಪತ್ತಿನ ಮೇಲೆ. ಆದುದರಿಂದ ವರ್ತಕನಾದವನು ತನ್ನ ನಷ್ಟವನ್ನು ಮುಚ್ಚಿಡಲು ಕಲಿಯುತ್ತಾನೆ. ನಷ್ಟವನ್ನು ಮುಚ್ಚಿಡುವ ಅಭ್ಯಾಸವು ಕ್ರಮೇಣ ನಿದ್ರೆ ಇಲ್ಲದಿರುವುದನ್ನೂ ಎದೆ ಡವಗುಟ್ಟುವುದನ್ನೂ ಕಾರಣವಿಲ್ಲದೆ ಸಿಡುಕುವುದನ್ನೂ ಮುಚ್ಚಿಡುವ ಅಭ್ಯಾಸವಾಗುತ್ತದೆ. ‘ಇವರು ಮನೋವೈದ್ಯರ ಬಳಿ ಹೋಗುತ್ತಿದ್ದಾರಂತೆ’ ಎಂಬ ಒಂದು ಮಾತು ಪೇಟೆಯಲ್ಲಿ ಹರಡಿದರೆ ಸಾಕು, ಸಾಲ ಕೊಟ್ಟವರೆಲ್ಲ ಮರುದಿನವೇ ಅಂಗಡಿಯ ಮುಂದೆ ನಿಲ್ಲುವರೆಂಬ ಅಂಜಿಕೆ ನಮ್ಮಲ್ಲಿ ಬೇರೂರಿದೆ.

ಈ ಅಂಜಿಕೆಯನ್ನು ನಾನು ಹಳಿಯಲಾರೆ, ನನ್ನಲ್ಲಿಯೂ ಅದಿತ್ತು. 2018ರಲ್ಲಿ ನಮ್ಮ ಘಟಕದಲ್ಲಿ ತಯಾರಾಗುತ್ತಿದ್ದ ಯಂತ್ರದ ಬಿಡಿಭಾಗಗಳ ಮುಕ್ಕಾಲು ಪಾಲನ್ನು ಕೊಳ್ಳುತ್ತಿದ್ದ ಒಬ್ಬ ದೊಡ್ಡ ಗ್ರಾಹಕರು ಹಣ ಪಾವತಿಯನ್ನು ನಿಲ್ಲಿಸಿದರು. ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನಗಳೊಳಗೆ ಸಂದಾಯ ಮಾಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ಹೇಳುತ್ತದೆ. ನನಗೆ 8 ತಿಂಗಳಾದರೂ ಬರಲಿಲ್ಲ. ಬೆಳಗಿನ ಜಾವ 3 ಗಂಟೆಗೆ ಎಚ್ಚರವಾಗುತ್ತಿತ್ತು. ಬ್ಯಾಂಕಿನಿಂದ ಬಂದ ಪತ್ರಗಳನ್ನು ಒಡೆಯದೆ ಮೇಜಿನ ಖಾನೆಯಲ್ಲಿ ತುರುಕುತ್ತಿದ್ದೆ. 23 ವರ್ಷ ನನ್ನೊಡನೆ ದುಡಿದ ಫೋರ್‌ಮನ್‌ರನ್ನು ಎಲ್ಲರೆದುರು ಬೈದೆ. ಮನೆಯವರಿಗೆ ‘ಎಲ್ಲವೂ ಸರಿಯಾಗಿದೆ’ ಎನ್ನುತ್ತಿದ್ದೆ. ಒಡೆಯದ ಪತ್ರಗಳಲ್ಲಿ ಒಂದು, ಸಾಲದ ಮರುಹೊಂದಾಣಿಕೆಗೆ ಅರ್ಜಿ ಸಲ್ಲಿಸಲು ಕೊನೆಯ ದಿನಾಂಕವನ್ನು ತಿಳಿಸುವ ಪತ್ರವಾಗಿತ್ತು. ಆ ದಿನಾಂಕ ಕಳೆದುಹೋಗಿತ್ತು. ಮಾರುಕಟ್ಟೆ ನನಗೆ ಮಾಡಿದ ನಷ್ಟ ಒಂದು. ಭಯದಿಂದ ನಾನೇ ಮಾಡಿಕೊಂಡ ನಷ್ಟ ಇನ್ನೊಂದು. ಎರಡನೆಯದನ್ನು ತಪ್ಪಿಸಬಹುದಾಗಿತ್ತು.

ರಕ್ತದೊತ್ತಡ ಪರೀಕ್ಷಿಸಿದ ನಮ್ಮ ಕುಟುಂಬ ವೈದ್ಯರು ನನ್ನನ್ನು ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಕಳುಹಿಸಿದರು. ಎರಡು ತಿಂಗಳು ನಾನು ಹೋಗಲಿಲ್ಲ. ಕೊನೆಗೆ ಹೋದಾಗಲೂ ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಹೋದೆ.

ಯಾರ ಬಳಿ ಹೋಗಬೇಕು?

ಇಲ್ಲಿ ಮೂರು ಬಗೆಯ ತಜ್ಞರ ನಡುವಣ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದವರು; ಔಷಧಿಯನ್ನು ಬರೆದುಕೊಡುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಯಲಾಗುವ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿ ಕೊಡುವುದಿಲ್ಲ. ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕ್ಷೇತ್ರ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರುತ್ತಾರೆ. ಆಪ್ತಸಲಹೆಗಾರರು ಕುಟುಂಬ, ಉದ್ಯೋಗ, ದುಃಖ ಮುಂತಾದ ಸಂದರ್ಭಗಳಲ್ಲಿ ನೆರವಾಗುವವರು. ಇವರ ಶಿಕ್ಷಣ ಮತ್ತು ಅನುಭವಗಳಲ್ಲಿ ಬಹಳ ಅಂತರವಿರುತ್ತದೆ. ಅಲ್ಪಾವಧಿಯ ಶಿಬಿರ ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಸರಕು ಕೊಳ್ಳುವಾಗ ಮಾದರಿ ನೋಡುವ ನಾವು ಇಲ್ಲಿ ವಿದ್ಯಾರ್ಹತೆ ಯಾವುದು, ನೋಂದಣಿ ಸಂಖ್ಯೆ ಏನು, ಇಂಥ ತೊಂದರೆಯಲ್ಲಿ ಎಷ್ಟು ಅನುಭವವಿದೆ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ತಜ್ಞರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರೆಂದೇ ಹೇಳಬೇಕು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸಿನ ವ್ಯಾಪಾರಗಳನ್ನು ಕುರಿತು ಕನ್ನಡದಲ್ಲಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯವನ್ನು ಸರಳ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿ 2024ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಇಷ್ಟೆಲ್ಲ ನಮ್ಮ ಕೈಯಳತೆಯಲ್ಲಿರುವಾಗಲೂ ಹಿಂಜರಿಕೆ ಬಿಟ್ಟಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದನ್ನೂ ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯದಿರುವುದನ್ನೂ ಕಂಡುಕೊಂಡಿತು.

ಅಲ್ಲಿ ಏನು ನಡೆಯುತ್ತದೆ?

ಹೊರಗಿನಿಂದ ನೋಡುವವರಿಗೆ ಮನೋಚಿಕಿತ್ಸೆ ಒಂದು ರಹಸ್ಯದಂತೆ ತೋರುತ್ತದೆ. ಒಳಗೆ ನಡೆಯುವುದು ಬಹಳ ಸರಳ. ಸಾಮಾನ್ಯವಾಗಿ ವಾರಕ್ಕೊಮ್ಮೆ 45ರಿಂದ 50 ನಿಮಿಷ. ಒಂದು ಕೋಣೆ, ಎರಡು ಕುರ್ಚಿ. ಮೊದಲ ಒಂದೆರಡು ಭೇಟಿಗಳು ವಿವರ ಸಂಗ್ರಹಕ್ಕೆ ಮೀಸಲು. ತೊಂದರೆ ಯಾವಾಗ ಆರಂಭವಾಯಿತು, ನಿದ್ರೆ ಮತ್ತು ಊಟ ಹೇಗಿವೆ, ಮದ್ಯಪಾನದ ಅಭ್ಯಾಸವಿದೆಯೇ, ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗಾಗಿತ್ತೇ, ಬದುಕು ಬೇಡವೆನಿಸಿದ್ದುಂಟೇ ಎಂಬ ಪ್ರಶ್ನೆಗಳನ್ನು ನೇರವಾಗಿಯೇ ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ನಾನು ಬೆಚ್ಚಿದ್ದೆ. ಆದರೆ ಆ ಪ್ರಶ್ನೆಯನ್ನು ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆಗೆ ಹೊರಬರಲು ದಾರಿಯಾಗುತ್ತದೆ ಎಂಬುದನ್ನು ಆಮೇಲೆ ತಿಳಿದೆ. ಬಳಿಕ ಇಬ್ಬರೂ ಕೂಡಿ ಗುರಿಯನ್ನು ನಿರ್ಧರಿಸುತ್ತಾರೆ. ‘ಸಂತೋಷವಾಗಿರಬೇಕು’ ಎಂಬುದು ಗುರಿಯಾಗಲಾರದು. ‘ಬಂದ ಪತ್ರವನ್ನು ಬಂದ ದಿನವೇ ಒಡೆದು ಓದಬೇಕು’ ಎಂಬುದು ಗುರಿಯಾಗಬಲ್ಲದು. ನನ್ನ ಗುರಿ ಅದೇ ಆಗಿತ್ತು.

ಚಿಕಿತ್ಸೆಯಲ್ಲಿ ಅನೇಕ ಪದ್ಧತಿಗಳಿವೆ. ಹೆಚ್ಚು ಬಳಕೆಯಲ್ಲಿರುವ ಸಿ.ಬಿ.ಟಿ. ಎಂಬ ಪದ್ಧತಿಯನ್ನು 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ರೂಪಿಸಿದರು. ಘಟನೆಗಿಂತ ಹೆಚ್ಚಾಗಿ, ಆ ಘಟನೆಗೆ ನಾವು ಥಟ್ಟನೆ ಕೊಡುವ ಅರ್ಥವು ನಮ್ಮನ್ನು ಕುಗ್ಗಿಸುತ್ತದೆ. ಆ ಅರ್ಥವನ್ನು ಸಾಕ್ಷ್ಯದ ಒರೆಗೆ ಹಚ್ಚಿ ನೋಡಬಹುದು ಎಂಬುದು ಇದರ ತಿರುಳು. ಬೆಳಗಿನ ಜಾವ ಎಚ್ಚರವಾದಾಗ ಮನಸ್ಸಿಗೆ ಬಂದ ಮಾತನ್ನು ಬರೆದಿಡಲು ನನಗೆ ಹೇಳಲಾಯಿತು. ‘ಎಲ್ಲವೂ ಮುಗಿಯಿತು, ನನ್ನಿಂದ ಮೂವತ್ತು ಸಂಸಾರಗಳು ಬೀದಿಗೆ ಬಿದ್ದವು’ ಎಂದು ಬರೆದೆ. ಮುಂದಿನ ಭೇಟಿಯಲ್ಲಿ ಆ ವಾಕ್ಯವನ್ನು ಜಮಾ-ಖರ್ಚಿನಂತೆ ಎರಡು ಕಲಂಗಳಲ್ಲಿ ಪರಿಶೀಲಿಸಿದೆವು: ಇದು ನಿಜವೆನ್ನಲು ಆಧಾರವೇನು, ಅಲ್ಲವೆನ್ನಲು ಆಧಾರವೇನು? ಆ ತಿಂಗಳ ಸಂಬಳ ಪಾವತಿಯಾಗಿತ್ತು. ಬೇರೆ ಇಬ್ಬರು ಗ್ರಾಹಕರ ಬೇಡಿಕೆಗಳು ಕೈಯಲ್ಲಿದ್ದವು. ಸಾಲ ನಿಜವಾಗಿತ್ತು, ‘ಎಲ್ಲವೂ ಮುಗಿಯಿತು’ ಎಂಬುದು ನಿಜವಾಗಿರಲಿಲ್ಲ. ಕಿರ್ದಿ ಬರೆಯುವುದನ್ನು ಹದಿನಾರನೆಯ ವಯಸ್ಸಿನಲ್ಲಿ ಕಲಿತ ನಾನು ನನ್ನ ಯೋಚನೆಗಳಿಗೆ ಕಿರ್ದಿ ಇಡುವುದನ್ನು ಐವತ್ತೆರಡರಲ್ಲಿ ಕಲಿತೆ.

ಇದು ಬರೀ ಮಾತಿನ ಸಮಾಧಾನವಲ್ಲವೇ ಎಂಬ ಸಂಶಯ ಸಹಜ. ನೆರೆಯ ಗೋವಾದಲ್ಲಿ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಮಾತಿನ ಚಿಕಿತ್ಸೆ ನೀಡಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ತೀವ್ರ ಖಿನ್ನತೆಯಿದ್ದವರಿಗೆ 6ರಿಂದ 8 ಭೇಟಿಗಳಲ್ಲಿ, ಬಿಟ್ಟುಹೋದ ದೈನಂದಿನ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಆರಂಭಿಸಲು ನೆರವು ನೀಡಲಾಯಿತು. ಮೂರು ತಿಂಗಳ ಬಳಿಕ ಈ ನೆರವು ಪಡೆದವರಲ್ಲಿ ಶೇ. 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ವೈದ್ಯರ ಎಂದಿನ ಆರೈಕೆಯನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಶೇ. 39. ಕ್ರಮಬದ್ಧವಾದ ಮಾತಿಗೆ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಏನನ್ನು ನಿರೀಕ್ಷಿಸಬಾರದು?

ಮೊದಲನೆಯದಾಗಿ, ಮನೋಚಿಕಿತ್ಸೆಯಿಂದ ಸಾಲ ತೀರುವುದಿಲ್ಲ. ಬಾಕಿದಾರರು ಹಣ ತಂದುಕೊಡುವುದಿಲ್ಲ. ಅಲ್ಲಿ ವ್ಯವಹಾರದ ಸಲಹೆಯೂ ದೊರೆಯುವುದಿಲ್ಲ; ಘಟಕವನ್ನು ಮುಚ್ಚಬೇಕೇ ಎಂದು ನಾನು ಕೇಳಿದಾಗ ನನ್ನ ಮನಶ್ಶಾಸ್ತ್ರಜ್ಞೆ ಅದನ್ನು ಲೆಕ್ಕಪರಿಶೋಧಕರೊಡನೆ ಚರ್ಚಿಸಲು ಹೇಳಿ, ಅವರನ್ನು ಭೇಟಿಯಾಗಲು ನಾನು ಏಕೆ ಮುಂದೂಡುತ್ತಿದ್ದೇನೆಂದು ಕೇಳಿದರು. ಆ ಪ್ರಶ್ನೆಯಲ್ಲಿಯೇ ನನ್ನ ರೋಗದ ಮೂಲವಿತ್ತು.

ಎರಡನೆಯದಾಗಿ, ಒಂದೇ ಭೇಟಿಯಲ್ಲಿ ಪರಿಹಾರ ಸಿಗುವುದಿಲ್ಲ. ಆತಂಕ, ಖಿನ್ನತೆಗಳಿಗೆ ಹತ್ತರಿಂದ ಇಪ್ಪತ್ತು ಭೇಟಿಗಳು ಬೇಕಾಗುವುದು ಸಾಮಾನ್ಯ. ನಡುವೆ ಕೆಲವು ವಾರಗಳು ಮೊದಲಿಗಿಂತ ಕಷ್ಟವೆನಿಸುವುದುಂಟು. ನಾಲ್ಕನೆಯ ಭೇಟಿಯಲ್ಲಿ, ನನ್ನ ತಂದೆಯವರ ಅಂಗಡಿ ಮುಳುಗಿದ ವರ್ಷದ ನೆನಪು ಹೊರಬಂದು, ಆ ವಾರವೆಲ್ಲ ನಾನು ಕುಸಿದಿದ್ದೆ. ಇನ್ನು ಹೋಗುವುದು ಬೇಡವೆಂದು ನಿರ್ಧರಿಸಿದ್ದೆ. ಹೋಗಿ ಆ ಮಾತನ್ನೇ ಅವರಿಗೆ ಹೇಳಿದೆ. ಮುಂದಿನ ಕೆಲಸಕ್ಕೆ ಅದೇ ಬುನಾದಿಯಾಯಿತು. ತಜ್ಞರ ಬಗೆಗೆ ಅಸಮಾಧಾನವಿದ್ದರೂ ಅದನ್ನು ಅವರ ಮುಂದೆಯೇ ಹೇಳಬಹುದು. ಮೂರು ನಾಲ್ಕು ಭೇಟಿಗಳ ನಂತರವೂ ಹೊಂದಿಕೆಯಾಗದಿದ್ದರೆ ಬೇರೊಬ್ಬರನ್ನು ಕಾಣುವುದರಲ್ಲಿ ತಪ್ಪಿಲ್ಲ.

ಮೂರನೆಯದಾಗಿ, ಎಲ್ಲ ತೊಂದರೆಗೂ ಮಾತೊಂದೇ ಮದ್ದಲ್ಲ. ತೀವ್ರ ಖಿನ್ನತೆ, ಭ್ರಮೆ, ವಿಪರೀತ ಮದ್ಯಪಾನ ಇದ್ದಲ್ಲಿ ಮನೋವೈದ್ಯರ ಔಷಧಿ ಅಗತ್ಯವಾಗಬಹುದು; ಎರಡೂ ಜೊತೆಜೊತೆಯಾಗಿ ಸಾಗಬಹುದು. ಬದುಕು ಬೇಡವೆಂಬ ಯೋಚನೆ ಬಂದರೆ ಮುಂದಿನ ವಾರದ ಭೇಟಿಗೆ ಕಾಯಬಾರದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

‘ಸ್ನೇಹಿತರಿದ್ದಾರೆ, ಹಿರಿಯರಿದ್ದಾರೆ, ದೇವರಿದ್ದಾನೆ, ಹೊರಗಿನವರೇಕೆ?’ ಎಂದು ಕೇಳುವವರಿದ್ದಾರೆ. ಇವೆಲ್ಲವೂ ಬೇಕು. ಆದರೆ ನಮ್ಮ ಸ್ನೇಹಿತರಲ್ಲಿ ಬಹುಪಾಲು ಮಂದಿ ಅದೇ ಪೇಟೆಯವರು; ಒಬ್ಬರು ನಮಗೆ ಸಾಲಿಗರು, ಇನ್ನೊಬ್ಬರು ನಮ್ಮ ಪ್ರತಿಸ್ಪರ್ಧಿ, ಮತ್ತೊಬ್ಬರು ಬೀಗರಾಗಬೇಕಾದವರು. ಮನೆಯವರೊಡನೆ ಹೇಳಿಕೊಂಡರೆ ಅವರ ಭಯವನ್ನೂ ನಾವೇ ಹೊರಬೇಕಾಗುತ್ತದೆ. ನಮ್ಮ ಲಾಭನಷ್ಟದಲ್ಲಿ ಯಾವ ಪಾಲೂ ಇಲ್ಲದ ಒಬ್ಬರ ಮುಂದೆ ನಿಜವನ್ನು ಹೇಳುವುದರಲ್ಲಿ ಒಂದು ವಿಶೇಷ ಬಿಡುಗಡೆಯಿದೆ. ಅಲ್ಲಿ ಹೇಳಿ ಅಭ್ಯಾಸವಾದ ಮೇಲೆ ಹೆಂಡತಿಗೆ ಹೇಳಲು ನನಗೆ ಧೈರ್ಯ ಬಂದಿತು. ಆಕೆಗೆ ಅರ್ಧ ವಿಷಯ ಮೊದಲೇ ತಿಳಿದಿತ್ತು.

ಗೋಪ್ಯತೆ ಮತ್ತು ವೆಚ್ಚ

ಪೇಟೆಗೆ ಸುದ್ದಿ ತಿಳಿಯುವುದೆಂಬ ಅಂಜಿಕೆಗೆ ಕಾನೂನು ಉತ್ತರ ನೀಡಿದೆ. 2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಕಲಂ, ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಅವರ ಹಕ್ಕೆಂದು ಸಾರುತ್ತದೆ. ಪ್ರಾಣಾಪಾಯ, ಇತರರಿಗೆ ಹಾನಿಯಾಗುವ ಸಂಭವ, ನ್ಯಾಯಾಲಯದ ಆದೇಶ ಮುಂತಾದ ಕೆಲವೇ ಸಂದರ್ಭಗಳಲ್ಲಿ ವಿನಾಯಿತಿಯುಂಟು. ಈ ಎಲ್ಲೆಗಳನ್ನು ಮೊದಲ ಭೇಟಿಯಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ನನ್ನ ಬ್ಯಾಂಕಿಗಾಗಲಿ ಗ್ರಾಹಕರಿಗಾಗಲಿ ನಾನು ಚಿಕಿತ್ಸೆ ಪಡೆದ ವಿಷಯ ತಿಳಿಯಲಿಲ್ಲ. ಇದೀಗ ನಾನೇ ತಿಳಿಸುತ್ತಿದ್ದೇನೆ.

ವೆಚ್ಚದ ವಿಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಖಾಸಗಿಯಾಗಿ ಒಂದು ಭೇಟಿಗೆ ಕೆಲವು ನೂರು ರೂಪಾಯಿಗಳಿಂದ ಎರಡು ಮೂರು ಸಾವಿರದವರೆಗೂ ತೆರಬೇಕಾಗುತ್ತದೆ. ಸಣ್ಣ ಅಂಗಡಿಯವರಿಗೆ ಇದು ಹೊರೆಯೇ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಅಲ್ಲಿ ಜನಸಂದಣಿ ಹೆಚ್ಚು, ಸಮಯ ಕಡಿಮೆ, ಆದರೂ ಆರಂಭಕ್ಕೆ ಅದು ಉತ್ತಮ ದಾರಿ. ಮೇಲಿನ ಕಾಯಿದೆಯ 21ನೆಯ ಕಲಮಿನಂತೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಪರಿಗಣಿಸಬೇಕು. ಆದರೆ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ವೆಚ್ಚವನ್ನು ಭರಿಸುತ್ತವೆಯೇ ಹೊರತು ಹೊರರೋಗಿಯಾಗಿ ಪಡೆಯುವ ಮಾತಿನ ಚಿಕಿತ್ಸೆಯನ್ನಲ್ಲ. ಪಾಲಿಸಿ ನವೀಕರಿಸುವಾಗ ಈ ಅಂಶವನ್ನು ಕೇಳಿ ತಿಳಿಯುವುದು ಲೇಸು.

ನಮ್ಮ ಸಂಸ್ಥೆ ಮಾಡಬಹುದಾದುದು

ಈ ಹಿನ್ನೆಲೆಯಲ್ಲಿ ನಾಲ್ಕು ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಡಲು ಬಯಸುತ್ತೇನೆ. ಒಂದು, ಜಿಲ್ಲೆಯಲ್ಲಿರುವ ನೋಂದಾಯಿತ ಮನೋವೈದ್ಯರು ಮತ್ತು ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಪಟ್ಟಿಯನ್ನು ಅವರ ಅರ್ಹತೆ, ಮಾತನಾಡುವ ಭಾಷೆ, ಶುಲ್ಕಗಳೊಡನೆ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಎರಡು, ಜಿ.ಎಸ್.ಟಿ. ಹಾಗೂ ಬ್ಯಾಂಕಿಂಗ್ ಕುರಿತ ಕಾರ್ಯಾಗಾರಗಳಲ್ಲಿ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಬೇಕು. ಪ್ರತ್ಯೇಕ ಸಭೆ ಕರೆದರೆ ಸಂಕೋಚದಿಂದ ಯಾರೂ ಬರಲಾರರು. ಮೂರು, ಸದಸ್ಯರಿಗಾಗಿ ಸಾಮೂಹಿಕ ಆರೋಗ್ಯ ವಿಮೆಯ ಮಾತುಕತೆ ನಡೆಸುವಾಗ ಹೊರರೋಗಿ ಮನೋಚಿಕಿತ್ಸೆಯನ್ನೂ ಸೇರಿಸುವಂತೆ ಒತ್ತಾಯಿಸಬೇಕು. ನಾಲ್ಕು, ಬಾಕಿ ವಸೂಲಿ ಸಮಿತಿಯ ಮುಂದೆ ಬರುವ ಸದಸ್ಯರಿಗೆ ದಾಖಲೆಗಳ ಪಟ್ಟಿಯೊಡನೆ 14416 ಸಂಖ್ಯೆಯನ್ನೂ ಕೊಡಬೇಕು. ಹಣ ಸಿಕ್ಕಿಬಿದ್ದಾಗಲೇ ಮನಸ್ಸೂ ಸಿಕ್ಕಿಬೀಳುವುದರಿಂದ ನೆರವು ಸಲ್ಲಬೇಕಾದ ಜಾಗ ಅದೇ. ಮೊದಲ ಎರಡು ಹಾಗೂ ನಾಲ್ಕನೆಯ ಸಲಹೆಗೆ ಸಂಸ್ಥೆಗೆ ತಗಲುವ ಖರ್ಚು ಅತ್ಯಲ್ಪ.

ನನ್ನ ವಿಷಯ ಹೇಳಿ ಮುಗಿಸುತ್ತೇನೆ. 17 ಭೇಟಿಗಳ ನಂತರ ಚಿಕಿತ್ಸೆ ನಿಂತಿತು. ಆ ಗ್ರಾಹಕರಿಂದ ಬರಬೇಕಾದ ಹಣದಲ್ಲಿ ಅರ್ಧವಷ್ಟೇ ಬಂದಿತು. ಎರಡು ಲೇತ್ ಯಂತ್ರಗಳನ್ನು ಮಾರಿ ಬ್ಯಾಂಕಿನೊಡನೆ ಒಮ್ಮತಕ್ಕೆ ಬಂದೆ. ಘಟಕ ಈಗ ಚಿಕ್ಕದಾಗಿದೆ. ಮೂವತ್ತು ಮಂದಿಯ ಜಾಗದಲ್ಲಿ ಹದಿನೆಂಟು ಮಂದಿ ಇದ್ದಾರೆ, ಫೋರ್‌ಮನ್‌ರೂ ಇದ್ದಾರೆ. ಅವರಲ್ಲಿ ಕ್ಷಮೆ ಕೇಳಿದ್ದು ನನ್ನ ಒಂಬತ್ತನೆಯ ವಾರದ ಕೆಲಸವಾಗಿತ್ತು. ಇದನ್ನು ಯಶಸ್ಸಿನ ಕಥೆಯೆಂದು ಯಾರೂ ಕರೆಯಲಾರರು. ಆದರೆ ಆ ಚಿಕ್ಕ ಘಟಕವನ್ನು ನಡೆಸಲು ಬೇಕಾದ ಬುದ್ಧಿ ನನ್ನ ವಶದಲ್ಲಿದೆ. ಬ್ಯಾಂಕಿನ ಪತ್ರ ಬಂದರೆ ಅದೇ ದಿನ ಒಡೆಯುತ್ತೇನೆ.

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮೇಜಿನ ಖಾನೆಯಲ್ಲಿಯೂ ಒಡೆಯದ ಪತ್ರಗಳಿದ್ದರೆ, ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ರೆ ಕೆಟ್ಟಿದ್ದರೆ, ಅದನ್ನು ಸ್ವಭಾವದ ದೋಷವೆಂದಾಗಲಿ ಗ್ರಹಚಾರವೆಂದಾಗಲಿ ಬಗೆಯಬೇಡಿ. ವರ್ಷಾಂತ್ಯದ ಲೆಕ್ಕಕ್ಕೆ ಲೆಕ್ಕಪರಿಶೋಧಕರ ಬಳಿ ಹೋಗುವಷ್ಟೇ ಸಹಜವಾಗಿ ಒಬ್ಬ ಅರ್ಹ ಮನಶ್ಶಾಸ್ತ್ರಜ್ಞರನ್ನು ಕಾಣಿರಿ. ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ ಹೋದರೂ ಅಡ್ಡಿಯಿಲ್ಲ, ಹೋಗುವುದು ಮುಖ್ಯ.